ಮೋಟಾರ್‌ಸೈಕಲ್‌ನ ಹಿಂಬದಿ ದೀಪದ ವೈರಿಂಗ್

ಮೋಟಾರ್‌ಸೈಕಲ್‌ನ ಹಿಂಬದಿ ದೀಪದ ವೈರಿಂಗ್ ಎಂದರೆ ವಾಹನದ ಹಿಂಭಾಗದ ಕೆಂಪು ದೀಪ, ಬ್ರೇಕ್ ದೀಪ ಮತ್ತು ನೋಂದಣಿ ಫಲಕದ ದೀಪಗಳಿಗೆ ವಿದ್ಯುತ್ತನ್ನು ಒಯ್ದು ಮರಳಿ ತರುವ ತಂತಿ, ಸ್ವಿಚ್ಚು, ಕನೆಕ್ಟರ್ ಹಾಗೂ ಬಲ್ಬಿನ ಹೋಲ್ಡರ್‌ಗಳ ವ್ಯವಸ್ಥೆ. ವಾಹನದ ವಿದ್ಯುತ್ ಮಂಡಲಗಳಲ್ಲಿ ಇದು ಅತ್ಯಂತ ಸರಳವಾದವುಗಳಲ್ಲಿ ಒಂದು. ಆದರೂ ಹೆಚ್ಚು ಕೆಡುವ ಭಾಗಗಳಲ್ಲಿ ಇದೂ ಸೇರಿದೆ. ಮುಂದೀಪ ಆರಿದರೆ ಸವಾರನಿಗೆ ಆ ಕ್ಷಣವೇ ತಿಳಿಯುತ್ತದೆ. ಹಿಂಬದಿ ದೀಪ ಆರಿದ್ದು ತಿಳಿಯುವುದು ಹಿಂದೆ ಬರುತ್ತಿರುವವರಿಗೆ ಮಾತ್ರ. ಹೀಗಾಗಿ ಈ ದೋಷ ವಾರಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ದೀಪ ಉರಿಯದಿದ್ದಾಗ ಬಲ್ಬನ್ನು ಬದಲಾಯಿಸುವುದು ವಾಡಿಕೆ. ಬಲ್ಬು ಸುಟ್ಟಿದ್ದರೆ ಅದು ಸರಿಯಾದ ಕ್ರಮವೇ. ಹೊಸ ಬಲ್ಬು ಹಾಕಿದರೂ ದೀಪ ಮಂಕಾಗಿದ್ದರೆ, ಬಿಟ್ಟು ಬಿಟ್ಟು ಉರಿದರೆ ಅಥವಾ ವಿಚಿತ್ರವಾಗಿ ವರ್ತಿಸಿದರೆ ದೋಷವು ಬಹುಮಟ್ಟಿಗೆ ಜೋಡಣೆಗಳಲ್ಲಿ, ಅದರಲ್ಲಿಯೂ ವಿದ್ಯುತ್ತು ಮರಳುವ ಅರ್ತ್ ದಾರಿಯಲ್ಲಿ ಇರುತ್ತದೆ.

ರಚನೆ

ತಂತುವಿನ ಬಲ್ಬು ಬಳಸುವ ವಾಹನಗಳಲ್ಲಿ ಹಿಂಬದಿ ದೀಪಕ್ಕೂ ಬ್ರೇಕ್ ದೀಪಕ್ಕೂ ಸಾಮಾನ್ಯವಾಗಿ ಒಂದೇ ಬಲ್ಬು ಇರುತ್ತದೆ. 12 ವೋಲ್ಟಿನ ಈ ಬಲ್ಬಿನೊಳಗೆ ಎರಡು ತಂತುಗಳಿವೆ: ಸದಾ ಉರಿಯುವ 5 ವ್ಯಾಟಿನದು ಒಂದು, ಬ್ರೇಕ್ ಒತ್ತಿದಾಗ ಮಾತ್ರ ಉರಿಯುವ 21 ವ್ಯಾಟಿನದು ಇನ್ನೊಂದು. ಬುಡದಲ್ಲಿರುವ ಎರಡು ಬೆಸುಗೆಯ ಗುಬ್ಬಿಗಳು ಆಯಾ ತಂತುವಿಗೆ ವಿದ್ಯುತ್ತನ್ನು ತಲಪಿಸುತ್ತವೆ. ಹಿತ್ತಾಳೆಯ ಕವಚ ಎರಡು ತಂತುಗಳಿಗೂ ಸಮಾನವಾದ ಮರುದಾರಿ. ಕವಚದ ಪಕ್ಕದ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ. ಬಲ್ಬನ್ನು ತಿರುವುಮುರುವಾಗಿ ಕೂರಿಸಲು ಬರದಂತೆ ಮಾಡಿದ ಏರ್ಪಾಡು ಅದು. ಸವೆದ ಹೋಲ್ಡರಿನಲ್ಲಿ ಬಲಪ್ರಯೋಗ ಮಾಡಿದರೆ ತಿರುವುಮುರುವಾಗಿಯೂ ಕೂರುವುದುಂಟು. ಆಗ ಹಿಂಬದಿ ದೀಪ ಸದಾ ಪ್ರಖರವಾಗಿ ಉರಿದು, ಬ್ರೇಕ್ ಒತ್ತಿದಾಗ ಬೆಳಕಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಆದ್ದರಿಂದ ಹೋಲ್ಡರಿಗೆ ಬರುವ ತಂತಿಗಳು ಮೂರು: ಹಿಂಬದಿ ದೀಪದ್ದು, ಬ್ರೇಕ್ ದೀಪದ್ದು ಮತ್ತು ಅರ್ತ್. ಕೆಲವು ಹಳೆಯ ವಾಹನಗಳಲ್ಲಿ ಮೂರನೆಯ ತಂತಿಯೇ ಇರುವುದಿಲ್ಲ. ಹೋಲ್ಡರ್, ಮಡ್‌ಗಾರ್ಡ್ ಮತ್ತು ಚಾಸಿಯ ಲೋಹವೇ ಮರುದಾರಿಯ ಕೆಲಸ ಮಾಡುತ್ತದೆ. ತಂತಿಗಳ ಬಣ್ಣ ತಯಾರಕರಿಗೆ ತಕ್ಕಂತೆ ಬದಲಾಗುತ್ತದೆ. ಹೋಂಡಾ ಪದ್ಧತಿಯಲ್ಲಿ ಸಾಮಾನ್ಯವಾಗಿ ಹಸಿರು ಅರ್ತ್, ಕಂದು ಹಿಂಬದಿ ದೀಪ, ಹಳದಿ ಗೆರೆಯ ಹಸಿರು ಬ್ರೇಕ್ ದೀಪ. ಯಮಹಾ ಪದ್ಧತಿಯಲ್ಲಿ ಕಪ್ಪು ಅರ್ತ್, ನೀಲಿ ಹಿಂಬದಿ ದೀಪ, ಹಳದಿ ಬ್ರೇಕ್ ದೀಪ. ಹಿಂದೆ ಯಾರಾದರೂ ದುರಸ್ತಿ ಮಾಡಿದ ವಾಹನದಲ್ಲಿ ಬಣ್ಣವನ್ನು ನಂಬಿ ಕೆಲಸ ಮಾಡಲಾಗದು. ಪೆಟ್ಟಿಗೆಯಲ್ಲಿ ಯಾವ ತಂತಿ ಸಿಕ್ಕಿತೋ ಅದನ್ನೇ ಜೋಡಿಸಿರುವ ಸಾಧ್ಯತೆ ಹೆಚ್ಚು.

ಬ್ರೇಕ್ ದೀಪವನ್ನು ಎರಡು ಸ್ವಿಚ್ಚುಗಳು ನಿಯಂತ್ರಿಸುತ್ತವೆ. ಮುಂದಿನದು ಹ್ಯಾಂಡಲಿನ ಲಿವರ್ ಬಳಿಯ ಚಿಕ್ಕ ಸ್ವಿಚ್ಚು. ಹಿಂದಿನದು ಪೆಡಲಿಗೆ ಸ್ಪ್ರಿಂಗಿನ ಮೂಲಕ ಕಟ್ಟಿದ, ಎಳೆದರೆ ಸಂಪರ್ಕವಾಗುವ ಸ್ವಿಚ್ಚು. ಇವು ಸಮಾಂತರವಾಗಿ ಜೋಡಣೆಗೊಂಡಿರುವುದರಿಂದ ಯಾವುದೊಂದನ್ನು ಒತ್ತಿದರೂ ದೀಪ ಉರಿಯಬೇಕು. ಒಂದರಿಂದ ಉರಿದು ಇನ್ನೊಂದರಿಂದ ಉರಿಯದಿದ್ದರೆ ಬಲ್ಬು, ಫ್ಯೂಸ್ ಮತ್ತು ಅರ್ತ್ ಮೂರೂ ಸರಿ ಇವೆ ಎಂದೇ ಅರ್ಥ. ದೋಷ ಉರಿಯದ ಸ್ವಿಚ್ಚಿನಲ್ಲಿ ಅಥವಾ ಅದರ ತಂತಿಯಲ್ಲಿದೆ. ಪೆಡಲಿನ ಸ್ವಿಚ್ಚು ಕೆಸರು ನೀರಿನ ದಾರಿಯಲ್ಲೇ ಇರುವುದರಿಂದ ಮೊದಲು ಕೆಡುವುದು ಅದೇ. ಎಷ್ಟೋ ವೇಳೆ ಅದು ಕೆಟ್ಟಿರುವುದೂ ಇಲ್ಲ. ಹಿಂದಿನ ಬ್ರೇಕನ್ನು ಬಿಗಿಗೊಳಿಸಿದ ಬಳಿಕ ಸ್ವಿಚ್ಚಿನ ಹೊಂದಾಣಿಕೆಯ ನಟ್ಟನ್ನು ತಿರುಗಿಸಲು ಮರೆತಿದ್ದರೆ ದೀಪ ತಡವಾಗಿ ಹೊತ್ತುತ್ತದೆ ಅಥವಾ ಹೊತ್ತಿಕೊಂಡೇ ಇರುತ್ತದೆ. ಗೇರಿಲ್ಲದ ಸ್ಕೂಟರ್‌ಗಳಲ್ಲಿ ಬ್ರೇಕ್ ಹಿಡಿಯದೆ ಸೆಲ್ಫ್ ಸ್ಟಾರ್ಟ್ ಆಗುವುದಿಲ್ಲ. ಬ್ರೇಕ್ ಹಿಡಿದರೂ ಸ್ಟಾರ್ಟರ್ ಸುಮ್ಮನಿದ್ದು ಬ್ರೇಕ್ ದೀಪವೂ ಉರಿಯದಿದ್ದರೆ ಮೊದಲು ನೋಡಬೇಕಾದದ್ದು ಬ್ರೇಕ್ ಸ್ವಿಚ್ಚನ್ನು.

ವಿದ್ಯುತ್ತಿನ ಮೂಲ

ಭಾರತದ ಸಣ್ಣ ಮೋಟಾರ್‌ಸೈಕಲ್‌ಗಳಲ್ಲಿ ಬಹುಕಾಲ ಎರಡು ಬಗೆಯ ವಿದ್ಯುತ್ತು ಒಟ್ಟಿಗೆ ಬಳಕೆಯಲ್ಲಿತ್ತು. ಮುಂದೀಪ ಮತ್ತು ಹಿಂಬದಿ ದೀಪ ಎಂಜಿನ್ನಿನ ಆಲ್ಟರ್ನೇಟರ್‌ನಿಂದ ನೇರವಾಗಿ ಬರುವ ಪರ್ಯಾಯ ವಿದ್ಯುತ್ತಿನಲ್ಲಿ ಉರಿಯುತ್ತಿದ್ದವು. ಬ್ರೇಕ್ ದೀಪ, ಹಾರ್ನ್ ಮತ್ತು ಇಂಡಿಕೇಟರ್‌ಗಳು ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ಬಳಸುತ್ತಿದ್ದವು. ಒಂದೇ ಬಲ್ಬಿನ ಎರಡು ತಂತುಗಳಿಗೆ ಎರಡು ಬೇರೆ ಮೂಲಗಳು. ಇದು ತಿಳಿಯದವರು ಎಂಜಿನ್ ಆರಿಸಿ, ಕೀಲಿ ತಿರುಗಿಸಿ, ಹಿಂಬದಿ ದೀಪ ಉರಿಯುತ್ತಿಲ್ಲವೆಂದು ವೈರಿಂಗನ್ನೆಲ್ಲ ಬಿಚ್ಚುವುದುಂಟು. ಅಂಥ ವಾಹನದಲ್ಲಿ ಎಂಜಿನ್ ಓಡದೆ ಆ ದೀಪ ಉರಿಯುವುದೇ ಇಲ್ಲ. ಮಲ್ಟಿಮೀಟರನ್ನು ಏಕಮುಖ ವಿದ್ಯುತ್ತಿನ ಸ್ಥಾನದಲ್ಲಿಟ್ಟು ಅಳೆದರೂ ಸೊನ್ನೆಗೆ ಹತ್ತಿರದ ಅಂಕಿ ಬರುತ್ತದೆ; ಪರ್ಯಾಯ ವಿದ್ಯುತ್ತಿನ ಸ್ಥಾನಕ್ಕೆ ತಿರುಗಿಸಿದರೆ ಮಾತ್ರ ನಿಜಾಂಶ ತಿಳಿಯುತ್ತದೆ.

2017ರ ಏಪ್ರಿಲ್ 1ರಿಂದ ದ್ವಿಚಕ್ರ ವಾಹನಗಳ ಮುಂದೀಪ ಎಂಜಿನ್ನಿನೊಂದಿಗೆ ತಾನಾಗಿ ಉರಿಯುವ ವ್ಯವಸ್ಥೆ ಕಡ್ಡಾಯವಾಯಿತು. ಹೆಚ್ಚಿನ ಮಾದರಿಗಳಲ್ಲಿ ಹಿಂಬದಿ ದೀಪವೂ ಅದರೊಂದಿಗೆ ಉರಿಯುತ್ತದೆ. ಹಗಲಿನಲ್ಲೂ ಉರಿಯುವುದರಿಂದ 5 ವ್ಯಾಟಿನ ತಂತು ಮೊದಲಿಗಿಂತ ಬೇಗ ಸವೆಯುತ್ತದೆ.

ಬಲ್ಬುಗಳು ಮೇಲಿಂದ ಮೇಲೆ ಸುಡುತ್ತಿದ್ದರೆ ಬಲ್ಬಿನ ಗುಣಮಟ್ಟವನ್ನು ದೂರುವ ಮೊದಲು ವೋಲ್ಟೇಜನ್ನು ಅಳೆಯುವುದು ಲೇಸು. ಎಂಜಿನ್ ವೇಗವಾಗಿ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಅದನ್ನು ಮೀರಿ ಏರುತ್ತ ಹೋದರೆ ರೆಗ್ಯುಲೇಟರ್ ಕೆಟ್ಟಿದೆ ಅಥವಾ ಅದರ ಅರ್ತ್ ಸಡಿಲಗೊಂಡಿದೆ. ತಂತುವಿನ ಆಯುಷ್ಯವು ವೋಲ್ಟೇಜಿಗೆ ಬಹಳ ಸೂಕ್ಷ್ಮ: ಶೇಕಡಾ 5ರಷ್ಟು ಹೆಚ್ಚಾದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ರೆಗ್ಯುಲೇಟರ್ ಇಲ್ಲದ ಹಳೆಯ ಸ್ಕೂಟರ್‌ಗಳಲ್ಲಿ ಆಲ್ಟರ್ನೇಟರ್‌ನ ಸುರುಳಿಯನ್ನು ಬಲ್ಬುಗಳ ಒಟ್ಟು ವ್ಯಾಟಿಗೆ ಹೊಂದುವಂತೆ ಸುತ್ತಿರುತ್ತಿದ್ದರು. ಅಲ್ಲಿ ಮುಂದೀಪ ಸುಟ್ಟರೆ ಅದರ ಪಾಲಿನ ಹೊರೆ ಇಳಿದು ವೋಲ್ಟೇಜ್ ಏರಿ, ಹಿಂಬದಿ ದೀಪವೂ ಅದರ ಹಿಂದೆಯೇ ಹೋಗುತ್ತಿತ್ತು.

ಮರುದಾರಿಯ ದೋಷಗಳು

12 ವೋಲ್ಟಿನಲ್ಲಿ 21 ವ್ಯಾಟಿನ ತಂತು 1.75 ಆಂಪಿಯರ್ ಎಳೆಯುತ್ತದೆ. ಉರಿಯುವಾಗ ಅದರ ರೋಧ ಸುಮಾರು 6.9 ಓಮ್. ಇಷ್ಟು ಕಡಿಮೆ ರೋಧದ ಮುಂದೆ ಜೋಡಣೆಯೊಂದರ ಅಲ್ಪ ರೋಧವೂ ದೊಡ್ಡದೇ. ಅರ್ತ್ ತಂತಿಯ ತುದಿಯಲ್ಲಿ ಕಿಲುಬು ಹಿಡಿದು 1 ಓಮ್ ರೋಧ ಸೇರಿಕೊಂಡಿತೆನ್ನೋಣ. ಬಲ್ಬಿಗೆ ಸಿಗುವುದು ಆಗ ಸುಮಾರು 10.5 ವೋಲ್ಟ್. ತಂತುವಿನ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆ ಘಾತಕ್ಕೆ ಅನುಗುಣವಾಗಿ ಇಳಿಯುವುದರಿಂದ, ಒಂದೂವರೆ ವೋಲ್ಟಿನ ಈ ಕೊರತೆ ಬೆಳಕಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ನುಂಗುತ್ತದೆ.

6 ವೋಲ್ಟಿನ ವಾಹನಗಳಲ್ಲಿ ಸ್ಥಿತಿ ಇನ್ನೂ ಕಷ್ಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ 250 ಡೈನಮೋ ಹೊಂದಿದ್ದ 6 ವೋಲ್ಟಿನ ವಾಹನ. 6 ವೋಲ್ಟಿನಲ್ಲಿ 21 ವ್ಯಾಟ್ ಉರಿಯಲು 3.5 ಆಂಪಿಯರ್ ಬೇಕು. ತಂತುವಿನ ರೋಧ 1.7 ಓಮ್ ಮಾತ್ರ. ಅದೇ 1 ಓಮ್‌ನ ಕಿಲುಬು ಇಲ್ಲಿ ಬೆಳಕನ್ನು ಐದನೇ ಒಂದು ಭಾಗದ ಆಸುಪಾಸಿಗೆ ಇಳಿಸಿಬಿಡುತ್ತದೆ. ಹಳೆಯ ಜಾವಾಗಳ ಹಿಂಬದಿ ದೀಪ ಹುಟ್ಟಿನಿಂದಲೇ ಮಂಕು ಎಂಬ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆ. ಮಡ್‌ಗಾರ್ಡಿಗೆ ಹೊಸದಾಗಿ ಬಣ್ಣ ಬಳಿಸಿದವರು ಹೋಲ್ಡರ್ ಕೂರುವ ಜಾಗದ ಬಣ್ಣವನ್ನು ಕೆರೆಯದೆ ಬಿಟ್ಟಿದ್ದರೆ ಅರ್ತ್ ದಾರಿಗೆ ಆ ಬಣ್ಣವೇ ಅಡ್ಡಿ.

ತಂತಿಯ ಉದ್ದದಿಂದ ಆಗುವ ನಷ್ಟ ಇದಕ್ಕೆ ಹೋಲಿಸಿದರೆ ಗೌಣ. 0.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.035 ಓಮ್ ರೋಧ. ಎರಡು ಮೀಟರ್ ತಂತಿಯಲ್ಲಿ ಬ್ರೇಕ್ ದೀಪ ಉರಿಯುವಾಗ ಕಳೆದುಹೋಗುವುದು 0.12 ವೋಲ್ಟ್ ಮಾತ್ರ. ದಪ್ಪ ತಂತಿ ಎಳೆಸಿದರೆ ದೀಪ ಪ್ರಖರವಾಗುತ್ತದೆ ಎಂಬ ನಂಬಿಕೆಗೆ ಆಧಾರ ಕಡಿಮೆ. ಹೊಸ ತಂತಿಯೊಂದಿಗೆ ಹೊಸ ಜೋಡಣೆಗಳು ಬರುವುದರಿಂದ ಆಗುವ ಲಾಭವನ್ನು ತಂತಿಯ ದಪ್ಪದ ಲೆಕ್ಕಕ್ಕೆ ಬರೆಯಲಾಗುತ್ತದೆ.

ಅರ್ತ್ ಪೂರ್ತಿ ಕಡಿದುಹೋದಾಗ ಕಾಣುವ ಲಕ್ಷಣಗಳು ನೋಡುವವರನ್ನು ತಬ್ಬಿಬ್ಬುಗೊಳಿಸುತ್ತವೆ. ಅನೇಕ ವಾಹನಗಳಲ್ಲಿ ಹಿಂಬದಿ ದೀಪ ಮತ್ತು ಹಿಂದಿನ ಎರಡು ಇಂಡಿಕೇಟರ್‌ಗಳಿಗೆ ಒಂದೇ ಅರ್ತ್ ತಂತಿ. ಅದು ಕಡಿದರೆ ವಿದ್ಯುತ್ತು ಸುಮ್ಮನೆ ನಿಲ್ಲದೆ ಬೇರೆ ದಾರಿ ಹಿಡಿಯುತ್ತದೆ: ಹಿಂಬದಿ ದೀಪದ ತಂತುವಿನಿಂದ ಹೊರಟು, ಹಿಂದಿನ ಇಂಡಿಕೇಟರ್ ಬಲ್ಬನ್ನು ಹಿಮ್ಮುಖವಾಗಿ ಹಾಯ್ದು, ಇಂಡಿಕೇಟರ್ ತಂತಿಯ ಮೂಲಕ ಮುಂದಿನ ಬಲ್ಬಿಗೆ ಬಂದು, ಅಲ್ಲಿನ ಸುಸ್ಥಿತಿಯ ಅರ್ತನ್ನು ಸೇರುತ್ತದೆ. ಪರಿಣಾಮವಾಗಿ ಹಿಂಬದಿ ದೀಪ ಮಂಕಾಗಿ ಉರಿಯುತ್ತದೆ. ಬ್ರೇಕ್ ಒತ್ತಿದರೆ ಬೆಳಕು ಹೆಚ್ಚುವ ಬದಲು ಕುಂದುತ್ತದೆ ಅಥವಾ ಆರಿಯೇ ಹೋಗುತ್ತದೆ. ಇಂಡಿಕೇಟರ್ ಹೊತ್ತಿದಾಗಲೆಲ್ಲ ಹಿಂಬದಿ ದೀಪ ಮಂಕಾಗಿ, ಅದು ಆರಿದಾಗ ಮತ್ತೆ ಬೆಳಗುತ್ತದೆ. ಒಂದು ದೀಪದ ಸ್ವಿಚ್ಚಿಗೆ ಇನ್ನೊಂದು ದೀಪ ತಾಳ ಹಾಕಿದರೆ ಫ್ಲಾಷರ್, ಸ್ವಿಚ್ಚು, ಬಲ್ಬು ಎಂದು ಒಂದೊಂದಾಗಿ ಕೊಳ್ಳುವ ಅಗತ್ಯವಿಲ್ಲ. ಬ್ಯಾಟರಿಯ ಋಣ ಧ್ರುವದಿಂದ ಹೋಲ್ಡರಿನ ಕವಚಕ್ಕೆ ತಾತ್ಕಾಲಿಕವಾಗಿ ಒಂದು ತಂತಿ ಎಳೆದರೆ ಸಾಕು. ಎಲ್ಲ ದೀಪಗಳೂ ತಟಕ್ಕನೆ ಸರಿಹೋದರೆ ರೋಗ ಪತ್ತೆಯಾದಂತೆ.

ಇದನ್ನು ಹೋಲುವ, ಆದರೆ ಬೇರೆಯದೇ ಆದ ದೋಷವೊಂದಿದೆ. ಬ್ರೇಕ್ ಒತ್ತಿದಾಗ ಮೀಟರಿನ ದೀಪಗಳು ಹೊತ್ತಿದರೆ ಎರಡು ಮಂಡಲಗಳು ಬಲ್ಬಿನೊಳಗೇ ಕೂಡಿಕೊಂಡಿರಬಹುದು. ತುಂಡಾದ ಒಂದು ತಂತು ಇನ್ನೊಂದರ ಮೇಲೆ ಬಿದ್ದು ಅಂಟಿಕೊಂಡಾಗ ಹೀಗಾಗುತ್ತದೆ. ಒಂದೇ ತಂತುವಿನ ಬಲ್ಬನ್ನು ಎರಡು ತಂತುಗಳ ಹೋಲ್ಡರಿಗೆ ತುರುಕಿದಾಗಲೂ ಅದರ ದೊಡ್ಡ ಗುಬ್ಬಿ ಎರಡೂ ಸಂಪರ್ಕಗಳನ್ನು ಮುಟ್ಟಿ ಇದೇ ಲಕ್ಷಣ ಕಾಣಿಸುತ್ತದೆ.

ಪರೀಕ್ಷೆ

ಮೊದಲ ಹೆಜ್ಜೆಗೆ ಉಪಕರಣ ಬೇಡ. ಸಣ್ಣ ವಾಹನಗಳಲ್ಲಿ ಹಾರ್ನ್, ಇಂಡಿಕೇಟರ್ ಮತ್ತು ಬ್ರೇಕ್ ದೀಪಗಳು ಸಾಮಾನ್ಯವಾಗಿ ಒಂದೇ ಫ್ಯೂಸನ್ನು ಹಂಚಿಕೊಂಡಿರುತ್ತವೆ. ಹಾರ್ನ್ ಕೂಗಿದರೆ ಫ್ಯೂಸ್ ಸರಿಯಿದೆ. ಬಳಿಕ ಬಲ್ಬನ್ನು ತೆಗೆದು ಬೆಳಕಿಗೆ ಹಿಡಿದು ಎರಡೂ ತಂತುಗಳನ್ನು ನೋಡಬೇಕು. ಗಾಜು ಕಪ್ಪಾಗಿದ್ದರೆ ತಂತು ಸುಟ್ಟಿಲ್ಲದಿದ್ದರೂ ಬಲ್ಬನ್ನು ಬದಲಾಯಿಸುವುದೇ ಸರಿ. ಅದೇ ಹೊತ್ತಿನಲ್ಲಿ ಹೋಲ್ಡರಿನೊಳಗೆ ಹಸಿರು ಕಿಲುಬು ಇದೆಯೇ, ಸಂಪರ್ಕದ ಸ್ಪ್ರಿಂಗುಗಳು ಸತ್ವ ಕಳೆದುಕೊಂಡಿವೆಯೇ ಎಂಬುದೂ ಕಾಣುತ್ತದೆ.

ಮಲ್ಟಿಮೀಟರ್ ಬಳಸುವವರು ಮಾಡುವ ಸಾಮಾನ್ಯ ತಪ್ಪೆಂದರೆ ಬಲ್ಬನ್ನು ತೆಗೆದು ಖಾಲಿ ಹೋಲ್ಡರಿನಲ್ಲಿ ವೋಲ್ಟೇಜ್ ಅಳೆದು, 12 ವೋಲ್ಟ್ ಬಂತೆಂದು ವೈರಿಂಗ್ ಸರಿಯಿದೆ ಎನ್ನುವುದು. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದು ಎಳೆಯುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ದಾರಿಯಲ್ಲಿ 1000 ಓಮ್‌ನ ಕಿಲುಬಿದ್ದರೂ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ, ಆದರೆ ಆ ದಾರಿಯಲ್ಲಿ ಬಲ್ಬು ಕೆಂಪಗೂ ಆಗದು. ಏಳು ಎಳೆಗಳಲ್ಲಿ ಆರು ಕಡಿದು ಒಂದೇ ಉಳಿದ ತಂತಿಯೂ ಮೀಟರಿಗೆ ಆರೋಗ್ಯವಾಗಿಯೇ ಕಾಣುತ್ತದೆ.

ಆದ್ದರಿಂದ ಅಳತೆಯನ್ನು ಬಲ್ಬು ಜೋಡಣೆಯಲ್ಲಿದ್ದು ವಿದ್ಯುತ್ತು ಹರಿಯುತ್ತಿರುವಾಗಲೇ ಮಾಡಬೇಕು. ಬ್ರೇಕ್ ಲಿವರನ್ನು ರಬ್ಬರ್ ಪಟ್ಟಿಯಿಂದ ಬಿಗಿದಿಟ್ಟರೆ ಎರಡನೆಯವರ ನೆರವು ಬೇಕಾಗುವುದಿಲ್ಲ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಹೋಲ್ಡರಿನ ಕವಚಕ್ಕೂ ಮುಟ್ಟಿಸಿದರೆ ಬರುವ ಅಂಕಿ ಮರುದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. ಅದು 0.2 ವೋಲ್ಟ್ ಮೀರಬಾರದು. ಅನಂತರ ಬ್ಯಾಟರಿಯ ಧನ ಧ್ರುವಕ್ಕೂ ಬ್ರೇಕ್ ದೀಪದ ತಂತಿ ಹೋಲ್ಡರನ್ನು ಸೇರುವ ಜಾಗಕ್ಕೂ ಮುಟ್ಟಿಸಿದರೆ ಬರುವ ದಾರಿಯ ನಷ್ಟ ತಿಳಿಯುತ್ತದೆ. ಇಲ್ಲಿ ಕೀಲಿ, ಫ್ಯೂಸ್ ಮತ್ತು ಬ್ರೇಕ್ ಸ್ವಿಚ್ಚುಗಳೆಲ್ಲ ಸೇರುವುದರಿಂದ ಸುಮಾರು ಅರ್ಧ ವೋಲ್ಟಿನವರೆಗೆ ಒಪ್ಪಬಹುದು. ಅಂಕಿ ಹೆಚ್ಚಾಗಿದ್ದರೆ ಮೊನೆಯನ್ನು ಒಂದೊಂದೇ ಕನೆಕ್ಟರ್ ಹಿಂದಕ್ಕೆ ಸರಿಸುತ್ತ ಬರಬೇಕು. ಯಾವ ಜೋಡಣೆಯನ್ನು ದಾಟಿದಾಗ ಅಂಕಿ ದಿಢೀರನೆ ಇಳಿಯುತ್ತದೋ ದೋಷ ಅಲ್ಲಿಯೇ ಇದೆ. ಪರ್ಯಾಯ ವಿದ್ಯುತ್ತಿನ ಹಿಂಬದಿ ದೀಪಕ್ಕೆ ಈ ಪರೀಕ್ಷೆಯನ್ನು ಎಂಜಿನ್ ಓಡಿಸಿ, ತೆರೆದ ಜಾಗದಲ್ಲಿ, ಮೀಟರಿನ ಸ್ಥಾನ ಬದಲಿಸಿ ಮಾಡಬೇಕಾಗುತ್ತದೆ. ಅಲ್ಲಿ ವೋಲ್ಟೇಜು ಎಂಜಿನ್ನಿನ ವೇಗದೊಂದಿಗೆ ಏರಿಳಿಯುವುದನ್ನೂ ಗಮನದಲ್ಲಿಡಬೇಕು.

ಮೀಟರ್ ಇಲ್ಲದ ಕಡೆ ಹಳೆಯ 21 ವ್ಯಾಟಿನ ಬಲ್ಬಿಗೆ ಎರಡು ತಂತಿ ಬೆಸೆದು ಪರೀಕ್ಷಾ ದೀಪ ಮಾಡಿಕೊಳ್ಳುವುದು ಹಳೆಯ ರೂಢಿ. ಅದು ನಿಜವಾದ ಹೊರೆಯನ್ನೇ ಹೇರುವುದರಿಂದ, ಈ ಒಂದು ಕೆಲಸದ ಮಟ್ಟಿಗೆ ದುಬಾರಿ ಮೀಟರಿಗಿಂತ ನಂಬಿಕಸ್ಥ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾನದಂಡ ಜಾರಿಯಾದ ಬಳಿಕ ಹೆಚ್ಚಿನ ವಾಹನಗಳಿಗೆ ಇಂಧನ ಇಂಜೆಕ್ಷನ್ ಮತ್ತು ಅದರ ನಿಯಂತ್ರಣ ಘಟಕ ಬಂದಿವೆ. ಅವುಗಳಲ್ಲಿ ಗುರುತು ಸಿಗದ ತಂತಿಗೆ ಈ ದೀಪವನ್ನು ಮುಟ್ಟಿಸುವುದು ಅಪಾಯ, 1.75 ಆಂಪಿಯರ್ ವಿದ್ಯುತ್ತು ನಿಯಂತ್ರಣ ಘಟಕವನ್ನು ಸುಡಬಲ್ಲದು.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಅದೇ ಪರೀಕ್ಷಾ ದೀಪವನ್ನು ಫ್ಯೂಸಿನ ಜಾಗದಲ್ಲಿ ಜೋಡಿಸುವ ಉಪಾಯವಿದೆ. ಎಲ್ಲಿಯಾದರೂ ತಂತಿ ಲೋಹವನ್ನು ಮುಟ್ಟುತ್ತಿದ್ದರೆ ಬಲ್ಬು ಪೂರ್ಣ ಪ್ರಖರತೆಯಿಂದ ಉರಿಯುತ್ತದೆ. ತಂತಿಗಳ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸುತ್ತ, ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ದೋಷದ ಕವಲು ಬೇರ್ಪಟ್ಟ ಕೂಡಲೇ ಬೆಳಕು ಇಳಿಯುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಫ್ಯೂಸ್ ಹೋಗುತ್ತಿದ್ದರೆ ಹುಡುಕಬೇಕಾದದ್ದು ಬ್ರೇಕ್ ಸ್ವಿಚ್ಚಿನಿಂದ ಬಲ್ಬಿನವರೆಗಿನ ಭಾಗವನ್ನಷ್ಟೇ. ಫ್ಯೂಸಿನ ಬದಲು ಬೆಳ್ಳಿ ಕಾಗದವನ್ನೋ ದಪ್ಪ ತಂತಿಯನ್ನೋ ಇಟ್ಟರೆ ಮುಂದಿನ ಸಲ ಸುಡುವುದು ಸೀಟಿನ ಕೆಳಗಿನ ತಂತಿಗಳ ಕಟ್ಟು. ಪೆಟ್ರೋಲ್ ಟ್ಯಾಂಕ್ ಅಲ್ಲಿಂದ ದೂರವಿಲ್ಲ.

ದೋಷ ಹೆಚ್ಚಾಗಿ ಸಿಗುವ ಜಾಗಗಳು ಕೆಲವೇ. ಸೀಟಿನ ಕೆಳಗೆ ತಂತಿಗಳ ಕಟ್ಟು ಚಾಸಿಗೂ ಮಡ್‌ಗಾರ್ಡಿಗೂ ನಡುವೆ ಹಾಯುವ ಎಡೆ, ಮಡ್‌ಗಾರ್ಡಿನ ತೂತಿನಲ್ಲಿ ರಬ್ಬರ್ ಬಿದ್ದುಹೋದ ಅಂಚು, ಸೀರೆ ಗಾರ್ಡ್ ಅಥವಾ ಪೆಟ್ಟಿಗೆ ಕೂರಿಸುವಾಗ ಬೋಲ್ಟಿನಡಿ ಸಿಕ್ಕಿಕೊಂಡ ತಂತಿ. ಮುಂದಿನ ಬ್ರೇಕ್ ಸ್ವಿಚ್ಚಿನ ತಂತಿಯಾದರೆ ಹ್ಯಾಂಡಲ್ ತಿರುಗುವ ಕತ್ತಿನ ಬಳಿ ನೋಡಬೇಕು. ದಿನವಿಡೀ ಬಾಗಿ ಬಾಗಿ ಒಳಗಿನ ತಾಮ್ರ ಕಡಿದಿದ್ದರೂ ಮೇಲಿನ ಹೊದಿಕೆ ಅಖಂಡವಾಗಿ ಕಾಣುತ್ತಿರುತ್ತದೆ.

ದುರಸ್ತಿ

ಕಿಲುಬು ಹಿಡಿದ ಹೋಲ್ಡರನ್ನು ನಯವಾದ ಮರಳುಕಾಗದದಿಂದ ಉಜ್ಜಿ, ಸ್ಪ್ರಿಂಗುಗಳನ್ನು ಮೆಲ್ಲನೆ ಎತ್ತಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಬಲ್ಬಿನ ಬುಡದ ಗುಬ್ಬಿಗಳು ಚಪ್ಪಟೆಯಾಗಿದ್ದರೆ ಅವುಗಳ ಮೇಲೆ ಒಂದು ತೊಟ್ಟು ಬೆಸುಗೆ ಹಾಕುವವರಿದ್ದಾರೆ. ಹೊಸ ಬಲ್ಬಿನ ಬೆಲೆ ನೋಡಿದರೆ ಅದು ದಾರಿಯ ನಡುವಿನ ಉಪಾಯವಷ್ಟೇ. ತಂತಿಯ ಹೊದಿಕೆ ಬಿಡಿಸಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಬೇಕು. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಹೊಸೆದರೂ ಸಂಪರ್ಕ ನಿಲ್ಲುವುದಿಲ್ಲ. ಎರಡು ತುದಿಗಳನ್ನು ಹೊಸೆದು ಟೇಪು ಸುತ್ತಿದ ಜೋಡಣೆ ಬೇಸಿಗೆಯಲ್ಲಿ ಬಾಳುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ತಿಂಗಳುಗಟ್ಟಲೆ ಮಳೆಯಲ್ಲಿ ಟೇಪಿನ ಅಂಟು ಬಿಟ್ಟು ನೀರು ಒಳಗೇ ನಿಲ್ಲುವುದರಿಂದ, ಒತ್ತಿ ಕೂರಿಸಿದ ಟರ್ಮಿನಲ್ ಮತ್ತು ಬಿಸಿಗೆ ಕುಗ್ಗುವ ಕೊಳವೆಯೇ ಮೇಲು. ಕೊಳವೆಯನ್ನು ತಂತಿಗೆ ಮೊದಲೇ ತೂರಿಸಿಟ್ಟುಕೊಳ್ಳಬೇಕು; ಜೋಡಿಸಿದ ಮೇಲೆ ಅದನ್ನು ಸೇರಿಸಲು ದಾರಿಯಿರುವುದಿಲ್ಲ.

ಎಲ್‌ಇಡಿ ದೀಪಗಳು

ಈಚಿನ ಮಾದರಿಗಳ ಹಿಂಬದಿ ದೀಪ ಬಿಚ್ಚಲು ಬಾರದ ಎಲ್‌ಇಡಿ ಘಟಕವಾಗಿರುತ್ತದೆ. ಅದರ ಕನೆಕ್ಟರಿನವರೆಗೆ ವಿದ್ಯುತ್ತು ಮತ್ತು ಅರ್ತ್ ಸರಿಯಾಗಿ ಬಂದಿದ್ದೂ ದೀಪ ಉರಿಯದಿದ್ದರೆ ಇಡೀ ಘಟಕವನ್ನೇ ಬದಲಿಸಬೇಕಾಗುತ್ತದೆ. ಕೆಲವು ಎಲ್‌ಇಡಿಗಳು ಮಾತ್ರ ಆರಿದ್ದರೆ ದೋಷ ಘಟಕದ ಒಳಗಿದೆ. ಎಲ್‌ಇಡಿ ಎಳೆಯುವ ವಿದ್ಯುತ್ತು ಬಹಳ ಕಡಿಮೆಯಾದ್ದರಿಂದ ಕೆಟ್ಟ ಜೋಡಣೆಯ ಪರಿಣಾಮ ಅದರಲ್ಲಿ ಅಷ್ಟು ಬೇಗ ಕಾಣದು. ಜೋಡಣೆ ಹಾಳಾಗುತ್ತಿರುವುದು ಅಲ್ಲಿಯವರೆಗೆ ಮರೆಯಲ್ಲಿರುತ್ತದೆ.

ತಂತುವಿನ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಲ್ಬು ಹಾಕುವವರು ಗಮನಿಸಬೇಕಾದ ಸಂಗತಿಗಳು ಎರಡು. ಪರ್ಯಾಯ ವಿದ್ಯುತ್ತಿನ ಮಂಡಲದಲ್ಲಿ ಅದು ಎಂಜಿನ್ ನಿಧಾನವಾಗಿ ಓಡುವಾಗ ಮಿಣುಕುತ್ತದೆ. ಬಣ್ಣದ ಆಯ್ಕೆಯೂ ಸುಲಭವಲ್ಲ: ಕೆಂಪು ಗಾಜಿನ ಹಿಂದೆ ಬಿಳಿಯ ಎಲ್‌ಇಡಿಗಿಂತ ಕೆಂಪು ಎಲ್‌ಇಡಿ ಹೆಚ್ಚು ಬೆಳಗುತ್ತದೆ. ಆದರೆ ಅನೇಕ ವಾಹನಗಳಲ್ಲಿ ದೀಪದ ತಳದ ಪಾರದರ್ಶಕ ಕಿಂಡಿಯಿಂದ ಬೀಳುವ ಬೆಳಕೇ ನೋಂದಣಿ ಫಲಕಕ್ಕೆ ಆಧಾರ, ಕೆಂಪು ಎಲ್‌ಇಡಿ ಹಾಕಿದರೆ ಫಲಕವೂ ಕೆಂಪಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೇ ನಿಯಮದ ಪ್ರಕಾರ ಹಿಂಬದಿಯ ಕೆಂಪು ದೀಪ ದೂರದಿಂದ ಕಾಣಬೇಕು, ನೋಂದಣಿ ಫಲಕವು ಬಿಳಿಯ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದಲು ಬರುವಂತಿರಬೇಕು.